ಜಾಲತಾಣ ವಿನ್ಯಾಸಕರ ದುಡಿಮೆಯೂ ಬಿಡುವೂ: ವರ್ತಕರು ಅರಿಯಬೇಕಾದ ಸಂಗತಿಗಳು

ಇಂದಿನ ಸ್ಪರ್ಧಾತ್ಮಕ ಮಾರುಕಟ್ಟೆಯಲ್ಲಿ ಜಾಲತಾಣವು ಅಂಗಡಿಯ ನಾಮಫಲಕದಷ್ಟೇ ಅಗತ್ಯವಾದ ಸಾಧನವಾಗಿದೆ. ಶ್ರೀರಂಗಪಟ್ಟಣದ ವಸತಿಗೃಹವಾಗಲಿ, ಪಾಂಡವಪುರದ ಬೆಲ್ಲದ ವ್ಯಾಪಾರವಾಗಲಿ, ಮೇಲುಕೋಟೆಯ ಪುಳಿಯೋಗರೆ ಗೊಜ್ಜಾಗಲಿ, ನಾಗಮಂಗಲದ ಲೋಹದ ವಿಗ್ರಹವಾಗಲಿ, ಕೆ.ಆರ್.ಪೇಟೆಯ ಕೃಷಿ ಉತ್ಪನ್ನವಾಗಲಿ, ದೂರದ ಗ್ರಾಹಕನ ಕಣ್ಣಿಗೆ ಮೊದಲು ಬೀಳುವುದು ಮೊಬೈಲ್ ಪರದೆಯ ಮೇಲೆ. ಆ ಪರದೆಯನ್ನು ಸಿದ್ಧಪಡಿಸುವವರು ಜಾಲತಾಣ ವಿನ್ಯಾಸಕರು. ಆದರೆ ಜಾಲತಾಣಕ್ಕೆ ತಗಲುವ ವೆಚ್ಚದ ಬಗ್ಗೆ ವಿಚಾರಿಸುವಷ್ಟು ವಿನ್ಯಾಸಕರ ಕಾರ್ಯವಿಧಾನದ ಬಗ್ಗೆ ವರ್ತಕರು ವಿಚಾರಿಸುವುದು ವಿರಳ. ಸೋಮವಾರ ಕೆಲಸ ಒಪ್ಪಿಸಿ ಶುಕ್ರವಾರ ಸಿದ್ಧವಾಗಿರಬೇಕೆಂದು ಅಪೇಕ್ಷಿಸುವುದು, ರಾತ್ರಿ ಹತ್ತರ ಮೇಲೆ ದೂರವಾಣಿಯಲ್ಲಿ ತಿದ್ದುಪಡಿ ಸೂಚಿಸುವುದು, ಕೆಲಸ ಮುಗಿದ ಮೇಲೆ ಹಣ ಪಾವತಿಯನ್ನು ತಿಂಗಳುಗಟ್ಟಲೆ ಮುಂದೂಡುವುದು ಈ ಕ್ಷೇತ್ರದ ಸಾಮಾನ್ಯ ಅನುಭವಗಳಾಗಿವೆ. ಇದರ ನಷ್ಟ ವಿನ್ಯಾಸಕರಿಗೆ ಮಾತ್ರವಲ್ಲ, ಹಣ ಕೊಟ್ಟ ವರ್ತಕನಿಗೂ ತಟ್ಟುತ್ತದೆ. ವಿನ್ಯಾಸಕರ ಬಿಡುವು ಮತ್ತು ಮನೋಲ್ಲಾಸಗಳು ಅವರ ಖಾಸಗಿ ವಿಚಾರವೆಂದು ತೋರಿದರೂ ವಾಸ್ತವದಲ್ಲಿ ಅವು ಉತ್ತಮ ಜಾಲತಾಣದ ಕಚ್ಚಾಸಾಮಗ್ರಿಗಳೇ ಆಗಿವೆ.

ವಿನ್ಯಾಸವೆಂದರೆ ಅಲಂಕಾರವಲ್ಲ

ಬಣ್ಣ ಬಳಿದು ಚಿತ್ರ ಅಂಟಿಸುವುದೇ ವಿನ್ಯಾಸವೆಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಗ್ರಾಹಕನು ಏನನ್ನು ಹುಡುಕಿಕೊಂಡು ಬರುತ್ತಾನೆ, ಅದು ಅವನಿಗೆ ಎಷ್ಟು ಬೇಗ ದೊರೆಯಬೇಕು, ಯಾವುದನ್ನು ಬಿಟ್ಟರೆ ಪುಟ ಹಗುರವಾದೀತು ಎಂಬ ನಿರ್ಣಯಗಳೇ ವಿನ್ಯಾಸದ ತಿರುಳು. 2010ರಲ್ಲಿ ಅಮೆರಿಕದ ಈಥನ್ ಮಾರ್ಕಾಟ್ ಅವರು ಒಂದೇ ಪುಟವು ದೊಡ್ಡ ಪರದೆಗೂ ಕಿರಿಯ ಪರದೆಗೂ ತಾನಾಗಿ ಹೊಂದಿಕೊಳ್ಳುವ ಕ್ರಮವನ್ನು ಪ್ರತಿಪಾದಿಸಿದ ನಂತರ ಈ ನಿರ್ಣಯಗಳು ಮತ್ತಷ್ಟು ಸೂಕ್ಷ್ಮವಾದವು. ಅಕ್ಷರದ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ಇರುವ ವ್ಯತ್ಯಾಸವು ಸಾಮಾನ್ಯ ಗಾತ್ರದ ಬರಹದಲ್ಲಿ ಕನಿಷ್ಠ 4.5ಕ್ಕೆ 1ರ ಪ್ರಮಾಣದಲ್ಲಿರಬೇಕೆಂದು 2008ರ ಅಂತರರಾಷ್ಟ್ರೀಯ ಮಾರ್ಗಸೂಚಿ ತಿಳಿಸುತ್ತದೆ. ದೃಷ್ಟಿ ಮಂದವಾದ ಹಿರಿಯರೂ ಓದಬಲ್ಲಂತಿರಬೇಕೆಂಬುದೇ ಅದರ ಆಶಯ.

ಕನ್ನಡದ ಪುಟಗಳಲ್ಲಿ ಇನ್ನೂ ಕೆಲವು ತೊಡಕುಗಳಿವೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷ್ ಬರಹಕ್ಕೆಂದು ನಿಗದಿಪಡಿಸಿದ ಸಾಲುಗಳ ಅಂತರವನ್ನೇ ಕನ್ನಡಕ್ಕೂ ಉಳಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಾಕ್ಷರಕ್ಕೆ ತಾಗುತ್ತದೆ. ವಿಭಕ್ತಿ ಪ್ರತ್ಯಯಗಳು ಸೇರಿ ಉದ್ದವಾಗುವ ಪದಗಳು ಮೊಬೈಲಿನ ಕಿರಿದಾದ ಗುಂಡಿಯೊಳಗೆ ಹಿಡಿಯುವುದಿಲ್ಲ. ಇಂತಹ ದೋಷಗಳು ಕಣ್ಣಿಗೆ ಬೀಳಬೇಕಾದರೆ ವಿನ್ಯಾಸಕರು ಪುಟವನ್ನು ಮುಗಿಸಿದೊಡನೆ ಒಪ್ಪಿಸದೆ, ಒಂದು ದಿನ ಬದಿಗಿರಿಸಿ, ಹೊಸಬರ ಕಣ್ಣಿನಿಂದ ಮತ್ತೆ ನೋಡಬೇಕಾಗುತ್ತದೆ. ಆ ಒಂದು ದಿನವು ಲೆಕ್ಕಪತ್ರದಲ್ಲಿ ಕಾಣದಿದ್ದರೂ ಕೆಲಸದ ಭಾಗವೇ ಆಗಿದೆ.

ಬಿಡುವು ಸೋಮಾರಿತನವಲ್ಲ

ಸೃಜನಶೀಲ ವೃತ್ತಿಯಲ್ಲಿ ಬಿಡುವನ್ನು ವ್ಯವಹಾರ ನೀತಿಯಾಗಿಯೇ ಅಳವಡಿಸಿಕೊಂಡ ಸಂಸ್ಥೆಗಳುಂಟು. 1999ರಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ಜಾಲತಾಣ ವಿನ್ಯಾಸ ಸಂಸ್ಥೆಯಾಗಿ ಆರಂಭವಾದ 37ಸಿಗ್ನಲ್ಸ್ ಇದಕ್ಕೆ ಉತ್ತಮ ನಿದರ್ಶನ. ಗ್ರಾಹಕರ ಕೆಲಸಗಳನ್ನು ಕ್ರಮಬದ್ಧವಾಗಿ ನಿರ್ವಹಿಸಲು ತಮಗಾಗಿಯೇ ರೂಪಿಸಿಕೊಂಡ ತಂತ್ರಾಂಶವನ್ನು ಆ ಸಂಸ್ಥೆಯು 2004ರಲ್ಲಿ ಬೇಸ್‌ಕ್ಯಾಂಪ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮುಂದೆ ಅದೇ ಸಂಸ್ಥೆಯ ಮುಖ್ಯ ವ್ಯವಹಾರವಾಯಿತು. ವಾರಕ್ಕೆ 40 ಗಂಟೆ ಸಾಕು, ಬೇಸಿಗೆಯ ತಿಂಗಳುಗಳಲ್ಲಿ ನಾಲ್ಕು ದಿನಗಳ 32 ಗಂಟೆ ಸಾಕು ಎಂಬುದು ಅದರ ಸಂಸ್ಥಾಪಕ ಜೇಸನ್ ಫ್ರೀಡ್ ಮತ್ತು ಪಾಲುದಾರ ಡೇವಿಡ್ ಹೈನೆಮೈಯರ್ ಹಾನ್ಸನ್ ಅವರ ನಿಲುವು. ಸದಾ ಗಡಿಬಿಡಿಯಲ್ಲಿರುವುದು ಯಶಸ್ಸಿನ ಲಕ್ಷಣವಲ್ಲ, ಅವ್ಯವಸ್ಥೆಯ ಲಕ್ಷಣವೆಂದು ಅವರು 2018ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಾದಿಸಿದ್ದಾರೆ.

ನ್ಯೂಯಾರ್ಕಿನಲ್ಲಿ ನೆಲೆಸಿದ ಆಸ್ಟ್ರಿಯ ಮೂಲದ ವಿನ್ಯಾಸಕ ಸ್ಟೆಫಾನ್ ಸಾಗ್‌ಮೈಸ್ಟರ್ ಇನ್ನೂ ಮುಂದೆ ಹೋದವರು. ಪ್ರತಿ ಏಳು ವರ್ಷಕ್ಕೊಮ್ಮೆ ಒಂದು ಇಡೀ ವರ್ಷ ತಮ್ಮ ಕಚೇರಿಯನ್ನು ಗ್ರಾಹಕರಿಗೆ ಮುಚ್ಚುವ ಪರಿಪಾಠವನ್ನು ಅವರು ಇರಿಸಿಕೊಂಡರು. ನಂತರದ ವರ್ಷಗಳಲ್ಲಿ ಮಾಡಿದ ಅನೇಕ ಕೆಲಸಗಳ ಬೀಜ ಆ ಬಿಡುವಿನ ವರ್ಷದಲ್ಲೇ ಮೊಳೆತದ್ದೆಂದು 2009ರ ಉಪನ್ಯಾಸವೊಂದರಲ್ಲಿ ವಿವರಿಸಿದರು. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಒಬ್ಬಂಟಿಯಾಗಿ ದುಡಿಯುವ ವಿನ್ಯಾಸಕರಿಗೆ ಒಂದು ವರ್ಷದ ವಿರಾಮ ಎಟುಕದ ಮಾತು. ಆದರೆ ವಾರಕ್ಕೊಂದು ದಿನ, ದಿನಕ್ಕೊಂದು ಗಂಟೆ ಎಟುಕದ ಮಾತಲ್ಲ.

ಕನ್ನಡದ ಅಂತರ್ಜಾಲಕ್ಕೆ ಬಿಡುವಿನ ಕೊಡುಗೆ

ಇಂದು ಕನ್ನಡದಲ್ಲಿ ಜಾಲತಾಣ ರೂಪಿಸುವವರು ಯಾವ ಅಡಿಪಾಯದ ಮೇಲೆ ನಿಂತಿದ್ದಾರೆಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ. ಕನ್ನಡದ ಪ್ರಥಮ ಜಾಲತಾಣವೆಂದು ಗುರುತಿಸಲಾಗುವ ‘ವಿಶ್ವಕನ್ನಡ’ವನ್ನು ಡಾ. ಯು.ಬಿ. ಪವನಜ ಅವರು 1996ರಲ್ಲಿ ಆರಂಭಿಸಿದಾಗ ಅವರು ಮುಂಬಯಿಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದರು. 1998ರಲ್ಲಿ ‘ಬರಹ’ ತಂತ್ರಾಂಶವನ್ನು ಹೊರತಂದ ಶೇಷಾದ್ರಿವಾಸು ಅವರೂ ಉದ್ಯೋಗದ ಜೊತೆಜೊತೆಗೇ ಅದನ್ನು ರೂಪಿಸಿ ಕನ್ನಡಿಗರಿಗೆ ಉಚಿತವಾಗಿ ನೀಡಿದರು. ಯಾವ ಗ್ರಾಹಕನೂ ಕೇಳದ ಕೆಲಸಗಳಿವು. ಬಿಡುವಿನ ವೇಳೆಯಲ್ಲಿ ಆಸಕ್ತಿಯಿಂದ ಕೈಗೊಂಡ ಇಂತಹ ಪ್ರಯತ್ನಗಳು ಮುಂದೆ ಕಚೇರಿ, ಮುದ್ರಣಾಲಯ, ಅಂಗಡಿಗಳವರೆಗೆ ಕನ್ನಡ ಬೆರಳಚ್ಚನ್ನು ತಲುಪಿಸಿದವು.

ಈ ನೆಲದ ನಿದರ್ಶನಗಳು

ದುಡಿಮೆ ಮತ್ತು ಉಲ್ಲಾಸಗಳ ಹೊಂದಾಣಿಕೆಗೆ ವಿದೇಶದ ನಿದರ್ಶನಗಳೇ ಬೇಕೆಂದಿಲ್ಲ. ಕೆ.ಆರ್.ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಾಲಯದಲ್ಲಿ ಹೊಯ್ಸಳ ಶಿಲ್ಪಿ ಮಲ್ಲಿತಮ್ಮನ ಕೈಕೆಲಸವಿದೆ. 1196ರ ಅಮೃತಾಪುರದ ದೇವಾಲಯದಲ್ಲಿಯೂ 1258ರ ಸೋಮನಾಥಪುರದ ಕೇಶವ ದೇವಾಲಯದಲ್ಲಿಯೂ ಇದೇ ಹೆಸರು ಕಾಣುತ್ತದೆ. ವಿದ್ವಾಂಸರು ಭಾವಿಸುವಂತೆ ಇವರೆಲ್ಲ ಒಬ್ಬನೇ ಶಿಲ್ಪಿಯಾದರೆ ಆತನ ವೃತ್ತಿಜೀವನ ಆರು ದಶಕಗಳನ್ನು ಮೀರಿದ್ದು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಆ ಗುಣವನ್ನರಿತು ಕೆತ್ತಿದವರು ತಮ್ಮ ಕೃತಿಯ ಕೆಳಗೆ ಹೆಸರನ್ನೂ ಕೆತ್ತಿದರು. ಕೆಲಸದಲ್ಲಿ ಸಂತೋಷ ಕಾಣದವನು ಅದರ ಮೇಲೆ ತನ್ನ ಹೆಸರು ಬರೆಯಲು ಬಯಸುವುದಿಲ್ಲ. ತಾವು ಮಾಡಿದ ಜಾಲತಾಣದಲ್ಲಿ ತಮ್ಮ ಹೆಸರಿರಲೆಂದು ವಿನ್ಯಾಸಕರು ಕೋರುವುದೂ ಇದೇ ಹೆಮ್ಮೆಯಿಂದ.

ಇದೇ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಅವರು ಸರ್ಕಾರಿ ನೌಕರಿಯಲ್ಲಿದ್ದುಕೊಂಡೇ ಕಾವ್ಯಕೃಷಿ ಮಾಡಿದವರು. ಅವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಪ್ರಕಟವಾಯಿತು. ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಜನಿಸಿದ ಎ.ಎನ್. ಮೂರ್ತಿರಾವ್ ಅವರ ಮೊದಲ ಪ್ರಬಂಧ ಸಂಕಲನ 1937ರಲ್ಲಿ ಬಂದಿತು. ಅದರ ಹೆಸರೇ ‘ಹಗಲುಗನಸುಗಳು’. ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಲೇ ಬರವಣಿಗೆ ಮುಂದುವರಿಸಿದ ಅವರು ‘ದೇವರು’ ಎಂಬ ಬಹುಚರ್ಚಿತ ಗ್ರಂಥವನ್ನು ಪ್ರಕಟಿಸಿದ್ದು 1991ರಲ್ಲಿ, ತೊಂಬತ್ತು ದಾಟಿದ ಮೇಲೆ. 2003ರಲ್ಲಿ ನಿಧನರಾಗುವವರೆಗೂ ಅವರ ಮನಸ್ಸಿನ ಲವಲವಿಕೆ ಕುಂದಲಿಲ್ಲ. ದುಡಿಮೆಯು ಬದುಕನ್ನೆಲ್ಲ ನುಂಗದಂತೆ ಕಾಯ್ದುಕೊಂಡವರಿಗೆ ಸೃಜನಶಕ್ತಿ ದೀರ್ಘಕಾಲ ಉಳಿಯುತ್ತದೆಂಬುದಕ್ಕೆ ಇಬ್ಬರೂ ಸಾಕ್ಷಿ.

ಮೇಣದ ಹಂತದಲ್ಲೇ ತಿದ್ದುಪಡಿ

ಬಿಡುವು ದೊರೆಯಬೇಕಾದರೆ ಕೆಲಸದಲ್ಲಿ ಕ್ರಮವಿರಬೇಕು. ನಾಗಮಂಗಲವು ಲೋಹಶಿಲ್ಪಕ್ಕೆ ಹೆಸರಾದ ಊರು. ಎರಕದ ವಿಗ್ರಹ ತಯಾರಿಕೆಯಲ್ಲಿ ಮೊದಲು ಮೇಣದ ರೂಪ ಸಿದ್ಧವಾಗುತ್ತದೆ. ಅದರ ಮೇಲೆ ಮಣ್ಣು ಮೆತ್ತಿ, ಒಣಗಿಸಿ, ಕಾಯಿಸಿ, ಮೇಣ ಕರಗಿ ಹೋದ ಜಾಗಕ್ಕೆ ಕಾದ ಲೋಹವನ್ನು ಹೊಯ್ಯುತ್ತಾರೆ. ಮೂಗು ತುಸು ನೀಳವಾಗಲೆಂದು ಹೇಳುವವರು ಮೇಣದ ಹಂತದಲ್ಲೇ ಹೇಳಬೇಕು. ಎರಕವಾದ ಮೇಲೆ ಹೇಳಿದರೆ ಮತ್ತೊಂದು ವಿಗ್ರಹವನ್ನೇ ಮಾಡಬೇಕಾದೀತು.

ಜಾಲತಾಣಕ್ಕೂ ಇದೇ ನಿಯಮ. ಅನುಭವಿ ವಿನ್ಯಾಸಕರು ಮೊದಲು ಕಾಗದದ ಮೇಲೆ ಬಣ್ಣವಿಲ್ಲದ ರೇಖಾನಕ್ಷೆ ತಯಾರಿಸಿ, ಯಾವ ವಿವರ ಎಲ್ಲಿರಬೇಕೆಂದು ವರ್ತಕರ ಒಪ್ಪಿಗೆ ಪಡೆಯುತ್ತಾರೆ. ಬಳಿಕ ಬಣ್ಣ ಮತ್ತು ಅಕ್ಷರವಿನ್ಯಾಸ, ಕೊನೆಯಲ್ಲಿ ಸಂಕೇತ ಬರವಣಿಗೆ. ರೇಖಾನಕ್ಷೆಯಲ್ಲಿ ಹತ್ತು ನಿಮಿಷದ ತಿದ್ದುಪಡಿ ಸಂಕೇತ ಬರೆದಾದ ಮೇಲೆ ದಿನಗಟ್ಟಲೆ ಹಿಡಿಯಬಹುದು. ವಿನ್ಯಾಸಕರ ಭಾನುವಾರಗಳನ್ನು ಕಸಿಯುವುದು ಇಂತಹ ತಡವಾದ ತಿದ್ದುಪಡಿಗಳೇ. ರೇಖಾನಕ್ಷೆಗೆ ಸಹಿ ಪಡೆಯುವ ಅಭ್ಯಾಸವಿಟ್ಟುಕೊಂಡವರಿಗೆ ಗ್ರಾಹಕರೊಡನೆ ಮನಸ್ತಾಪವೂ ಕಡಿಮೆ, ಮನೆಯವರೊಡನೆ ಕಳೆಯುವ ಸಮಯವೂ ಹೆಚ್ಚು.

ಸಣ್ಣ ಊರಿನ ಸೌಲಭ್ಯ

ಅಂತರ್ಜಾಲ ಸಂಪರ್ಕವಿದ್ದರೆ ಜಾಲತಾಣ ವಿನ್ಯಾಸವನ್ನು ಯಾವ ಊರಿನಿಂದಲಾದರೂ ಕೈಗೊಳ್ಳಬಹುದು. ಬೆಂಗಳೂರಿನ ಬಾಡಿಗೆಯಾಗಲಿ ವಾಹನ ದಟ್ಟಣೆಯಾಗಲಿ ಇಲ್ಲಿನವರಿಗೆ ಇಲ್ಲ. ಬೆಳಗಿನ ಮೂರು ನಾಲ್ಕು ಗಂಟೆಗಳನ್ನು ದೂರವಾಣಿ ಮುಟ್ಟದೆ ವಿನ್ಯಾಸಕ್ಕೆ ಮೀಸಲಿಟ್ಟು, ಮಧ್ಯಾಹ್ನ ಗ್ರಾಹಕರೊಡನೆ ಮಾತುಕತೆ ನಡೆಸಿ, ಸಂಜೆ ಗಣಕಯಂತ್ರವನ್ನು ಮುಚ್ಚುವ ದಿನಚರಿ ಇಲ್ಲಿ ಸಾಧ್ಯ. 1940ರಲ್ಲಿ ಪಕ್ಷಿಧಾಮವಾಗಿ ಘೋಷಿತವಾಗಿ 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ರಂಗನತಿಟ್ಟು ಶ್ರೀರಂಗಪಟ್ಟಣದ ಮಗ್ಗುಲಲ್ಲೇ ಇದೆ. ಪಾಂಡವಪುರದವರಿಗೆ ಕುಂತಿಬೆಟ್ಟ, ಮೇಲುಕೋಟೆಯ ಕಲ್ಯಾಣಿ, ಕೆ.ಆರ್.ಪೇಟೆಯವರಿಗೆ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ, ನಾಗಮಂಗಲದವರಿಗೆ ಆದಿಚುಂಚನಗಿರಿಯ ಬೆಟ್ಟ ಇವೆಲ್ಲ ಅರ್ಧ ದಿನದ ಬಿಡುವಿಗೆ ಎಟುಕುವ ತಾಣಗಳು. ಹೊಸಹೊಳಲಿನ ಭಿತ್ತಿಯಲ್ಲಿ ಆನೆ, ಕುದುರೆ, ಲತೆ, ಪುರಾಣಕಥೆಗಳ ಸಾಲುಗಳು ಒಂದರ ಮೇಲೊಂದು ಅಳತೆ ತಪ್ಪದೆ ಸಾಗುವುದನ್ನು ನಿಧಾನವಾಗಿ ನೋಡಿದ ವಿನ್ಯಾಸಕನಿಗೆ ಪುಟದಲ್ಲಿ ವಿವರಗಳನ್ನು ಅಡುಕುವ ಬಗೆ ಬೇರೆ ಪಾಠವಿಲ್ಲದೆ ತಿಳಿದೀತು.

ವರ್ತಕರ ಹೊಣೆ

ಈ ಸೌಲಭ್ಯ ಫಲ ಕೊಡಬೇಕಾದರೆ ವರ್ತಕರ ಸಹಕಾರ ಅಗತ್ಯ. ಮೊದಲನೆಯದಾಗಿ, ಜಾಲತಾಣದ ಉದ್ದೇಶ, ಪುಟಗಳ ಸಂಖ್ಯೆ, ಪದಾರ್ಥಗಳ ಚಿತ್ರ ಮತ್ತು ದರಪಟ್ಟಿಗಳನ್ನು ಕೆಲಸ ಆರಂಭವಾಗುವ ಮುನ್ನವೇ ಒದಗಿಸಬೇಕು. ಎರಡನೆಯದಾಗಿ, ಎಷ್ಟು ಬಾರಿ ತಿದ್ದುಪಡಿ, ಯಾವ ಹಂತದಲ್ಲಿ ಎಷ್ಟು ಹಣ ಎಂಬುದನ್ನು ಬರಹದಲ್ಲಿಡಬೇಕು. ಮೂರನೆಯದಾಗಿ, ಜಾಲತಾಣದ ವಿಳಾಸವನ್ನು ವರ್ತಕರ ಹೆಸರಿನಲ್ಲಿಯೇ ನೋಂದಾಯಿಸಬೇಕು. ಸ್ವತಂತ್ರ ವಿನ್ಯಾಸಕರಿಂದ ಮಾಡಿಸಿದ ಕೃತಿಯ ಹಕ್ಕು ವರ್ತಕರಿಗೆ ಬರಬೇಕಾದರೆ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲಿಖಿತ ಹಸ್ತಾಂತರವಿರಬೇಕು. ಅದರಲ್ಲಿ ಅವಧಿಯನ್ನು ನಮೂದಿಸದಿದ್ದರೆ ಹಸ್ತಾಂತರವು ಐದು ವರ್ಷಕ್ಕೆ ಮಾತ್ರ ಎಂದು ಪರಿಗಣಿತವಾಗುತ್ತದೆ.

ನಾಲ್ಕನೆಯದು ಹಾಗೂ ಮುಖ್ಯವಾದುದು ಸಕಾಲದ ಪಾವತಿ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯು ಸೇವಾ ಉದ್ಯಮಗಳಿಗೂ ಅನ್ವಯಿಸುತ್ತದೆ. ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೂ 45 ದಿನಗಳಿಗಿಂತ ಹೆಚ್ಚು ತಡೆಹಿಡಿಯುವಂತಿಲ್ಲ. ಒಪ್ಪಂದವಿಲ್ಲದಿದ್ದರೆ ಗಡುವು 15 ದಿನ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ತಿಂಗಳ ಲೆಕ್ಕದ ಚಕ್ರಬಡ್ಡಿ ತೆರಬೇಕಾಗುತ್ತದೆ. ವಿನ್ಯಾಸಕರೂ ಉದ್ಯಮ್ ನೋಂದಣಿ ಮಾಡಿಸಿಕೊಳ್ಳುವುದು ಕ್ಷೇಮಕರ. ಬರಬೇಕಾದ ಹಣದ ಚಿಂತೆಯಲ್ಲಿ ರಾತ್ರಿ ಕಳೆಯುವವರಿಂದ ಬೆಳಗ್ಗೆ ಹೊಸ ಆಲೋಚನೆಯನ್ನು ನಿರೀಕ್ಷಿಸಲಾಗದು.

ಆಲೆಮನೆಯನ್ನು ಬಲ್ಲ ಈ ಸೀಮೆಯವರಿಗೆ ಹದದ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಕ ಹದಕ್ಕೆ ಬರುವ ಮುನ್ನ ಕೊಪ್ಪರಿಗೆ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲದು, ಅವಸರಪಟ್ಟು ಉರಿ ಹೆಚ್ಚಿಸಿದರೆ ತಳ ಹಿಡಿದು ಕಪ್ಪಾಗುತ್ತದೆ. ಸೃಜನಶೀಲ ಕೆಲಸಕ್ಕೂ ಹದವುಂಟು. ನಮ್ಮ ಊರುಗಳಲ್ಲಿಯೇ ಉಳಿದು ದುಡಿಯಬಯಸುವ ವಿನ್ಯಾಸಕರಿಗೆ ಸ್ಪಷ್ಟ ಸೂಚನೆ, ಸಾಕಷ್ಟು ಕಾಲಾವಕಾಶ ಮತ್ತು ಸಕಾಲಿಕ ಸಂಭಾವನೆ ದೊರೆತರೆ ಅವರು ಬೆಂಗಳೂರಿನ ಬಸ್ಸು ಹತ್ತಬೇಕಾದ ಅನಿವಾರ್ಯತೆ ತಗ್ಗುತ್ತದೆ. ಇಲ್ಲಿನ ಸರಕನ್ನೂ ಗ್ರಾಹಕರ ನುಡಿಯನ್ನೂ ಬಲ್ಲ ಕೈಗಳು ವರ್ತಕರ ಹತ್ತಿರದಲ್ಲಿಯೇ ಉಳಿಯುತ್ತವೆ. ಮುಂದಿನ ಬಾರಿ ಜಾಲತಾಣದ ಕೆಲಸ ಒಪ್ಪಿಸುವಾಗ ಸದಸ್ಯರು ದರವನ್ನು ವಿಚಾರಿಸುವುದರ ಜೊತೆಗೆ ಅದು ಚೆನ್ನಾಗಿ ಆಗಲು ಎಷ್ಟು ದಿನ ಬೇಕೆಂಬುದನ್ನೂ ವಿಚಾರಿಸುವುದು ಒಳಿತು.