ಮಂಗನ ಕಾಯಿಲೆ: ಮರದ ಮೇಲೆ ನೋಡಿದ್ದು ಸಾಕು, ನೆಲ ನೋಡೋಣ

ಸಾಗರದ ಕಡೆ ನಮ್ಮದು ಎರಡು ಎಕರೆ ಅಡಿಕೆ ತೋಟ. ಪಕ್ಕದಲ್ಲೇ ಸೊಪ್ಪಿನ ಬೆಟ್ಟ. ಚಳಿಗಾಲದಲ್ಲಿ ಎಲೆ ಉದುರಲು ಶುರುವಾದರೆ ದರಗು ಗುಡಿಸುವ ಕೆಲಸವೂ ಶುರು. ಕೆಲವು ವರ್ಷದ ಹಿಂದೆ ಹಾಗೆ ದರಗಿಗೆ ಬಂದಿದ್ದ ನಮ್ಮೂರಿನ ಅಕ್ಕ ಒಬ್ಬರಿಗೆ ವಾರದೊಳಗೆ ಜ್ವರ ಬಂತು. "ತಲೆ ಸಿಡೀತದೆ ತಮ್ಮಾ, ಸೊಂಟ ಎತ್ತಕ್ಕೇ ಆಗ್ತಿಲ್ಲ" ಅಂದರು. ನಾನು ಮೆಡಿಕಲ್ ಶಾಪಿನಿಂದ ಜ್ವರದ ಮಾತ್ರೆ ತಂದುಕೊಟ್ಟೆ. ಮೂರು ದಿನ ಹಾಗೇ ಹೋಯಿತು. ನಾಲ್ಕನೇ ದಿನ ಆಶಾ ಕಾರ್ಯಕರ್ತೆ ಬಂದು, ನನಗೆ ಬೈದು, ಅವರನ್ನು ರಕ್ತ ಪರೀಕ್ಷೆಗೆ ಕಳಿಸಿದರು. ಮಂಗನ ಕಾಯಿಲೆ ಅಂತ ಬಂತು.

ಅವರು ಬದುಕಿದರು. ಆದರೆ ಮತ್ತೆ ಕೂಲಿಗೆ ಹೋಗುವಷ್ಟು ಶಕ್ತಿ ಬರಲು ತಿಂಗಳುಗಳೇ ಬೇಕಾದವು. ದರಗು ಬಂದದ್ದು ನಮ್ಮ ತೋಟಕ್ಕೆ, ಜ್ವರ ಹೋದದ್ದು ಅವರ ಮನೆಗೆ.

ಆಗ ನನ್ನನ್ನು ಕಾಡಿದ್ದು ಒಂದು ಪ್ರಶ್ನೆ. ನಮ್ಮ ಬೆಟ್ಟದಲ್ಲಿ ಒಂದು ಮಂಗನೂ ಸತ್ತಿರಲಿಲ್ಲ. ಹಾಗಾದ್ರೆ ಕಾಯಿಲೆ ಎಲ್ಲಿಂದ ಬಂತು? ಉತ್ತರ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಮಂಗನ ಕಥೆಯಲ್ಲ, ಇಲಿಗಳ ಕಥೆ.

ಇಲಿ ಹಿಡಿಯಲು ಬಂದ ವಿಜ್ಞಾನಿಗಳು

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲ ಹಳ್ಳಿಯವರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಇದೊಂದು ಹೊಸ ವೈರಸ್, ಉಣ್ಣಿಯಿಂದ ಹರಡುತ್ತದೆ ಎಂದು ಪತ್ತೆ ಮಾಡಿದರು. ಆಮೇಲೆ ವರ್ಷಗಟ್ಟಲೆ ಈ ಭಾಗದ ಕಾಡುಗಳಲ್ಲಿ ಬೋನಿಟ್ಟು ಸಣ್ಣ ಪ್ರಾಣಿಗಳನ್ನು ಹಿಡಿದು ನೋಡಿದರು. ಯಾವ ಜಾತಿ, ಮೈಮೇಲೆ ಎಷ್ಟು ಉಣ್ಣಿ, ರಕ್ತದಲ್ಲಿ ವೈರಸ್ ಇದೆಯಾ ಅಂತ ಲೆಕ್ಕ ಇಟ್ಟರು.

ಸಿಕ್ಕಿದ್ದು ನಾವು ದಿನಾ ನೋಡುವ ಜೀವಿಗಳೇ: ಮರ ಹತ್ತುವ ಕಪ್ಪಿಲಿ, ಬಿಳಿ ಬಾಲದ ಕಾಡಿಲಿ, ಸುಂಡಿಲಿ, ಅಳಿಲು. ಮಂಗ ಸತ್ತರೆ ಊರಿಗೆಲ್ಲ ಸುದ್ದಿ. ಸುಂಡಿಲಿ ಸತ್ತರೂ ಬದುಕಿದರೂ ಯಾರಿಗೂ ಗೊತ್ತಾಗಲ್ಲ. ನಮಗೆ ಕಾಣದ ಈ ಗುಂಪಿನಲ್ಲೇ ಕಾಯಿಲೆ ಸದ್ದಿಲ್ಲದೆ ಓಡಾಡುತ್ತಿರುತ್ತದೆ.

ಉಣ್ಣಿಗೆ ಮೂರು ಊಟ

ಉಣ್ಣಿ, ಅಂದರೆ ಉಣುಗು, ಮೊಟ್ಟೆಯಿಡುವುದು ನೆಲದ ಮೇಲೆ, ದರಗಿನಡಿ. ಅಲ್ಲಿಂದ ಮುಂದೆ ಅದಕ್ಕೆ ಮೂರು ಸಲ ರಕ್ತದ ಊಟ ಬೇಕು.

ಮೊದಲ ಊಟ ಆರು ಕಾಲಿನ ಮರಿಯದ್ದು. ಇಲಿ, ಸುಂಡಿಲಿ, ನೆಲದಲ್ಲಿ ಓಡಾಡುವ ಹಕ್ಕಿ ಅದಕ್ಕೆ ಸಾಕು. ಆ ಇಲಿಯ ರಕ್ತದಲ್ಲಿ ವೈರಸ್ ಇದ್ದರೆ ಮರಿಗೂ ಅಂಟುತ್ತದೆ, ಅದು ಬೆಳೆದು ದೊಡ್ಡದಾದರೂ ಬಿಡುವುದಿಲ್ಲ.

ಎರಡನೆಯದು ಎಂಟು ಕಾಲಿನ ಎಳೆ ಉಣ್ಣಿಯದ್ದು. ಗಾತ್ರ ಎಳ್ಳಿಗಿಂತ ಹೆಚ್ಚಿಲ್ಲ. ಇಲಿ, ಮಂಗ, ಮನುಷ್ಯ ಯಾರಾದರೂ ಆದೀತು. ನಮ್ಮನ್ನು ಕಚ್ಚಿ ಕಾಯಿಲೆ ತರುವುದು ಹೆಚ್ಚಾಗಿ ಇದೇ. ಇದರ ಕಾಲ ನವೆಂಬರ್-ಡಿಸೆಂಬರ್‌ನಿಂದ ಮೇ ತನಕ. ನಾವು ದರಗಿಗೆ, ಕಟ್ಟಿಗೆಗೆ ಹೋಗುವುದೂ ಆಗಲೇ.

ಮೂರನೆಯದು ಬಲಿತ ಉಣ್ಣಿಯದ್ದು. ಅದಕ್ಕೆ ದೊಡ್ಡ ಪ್ರಾಣಿ ಬೇಕು. ಮಳೆಗಾಲದಲ್ಲಿ ಬೆಟ್ಟಕ್ಕೆ ಬಿಟ್ಟ ನಮ್ಮ ದನಗಳು ಅದಕ್ಕೆ ಸಿಗುತ್ತವೆ. ದನಕ್ಕೆ ಈ ಕಾಯಿಲೆ ಬರಲ್ಲ. ಆದರೆ ಅದರ ರಕ್ತ ಕುಡಿದು ಕೆಳಗೆ ಬಿದ್ದ ಉಣ್ಣಿ ಸಾವಿರಾರು ಮೊಟ್ಟೆ ಇಡುತ್ತದೆ.

ಕಾಡು ಮುರಿದಲ್ಲಿ ಏನಾಗುತ್ತದೆ?

ಇದನ್ನೆಲ್ಲ ಜೋಡಿಸಿ ಹೇಳಿದವರು ಆಗ ಇಲ್ಲಿ ಕೆಲಸ ಮಾಡಿದ್ದ ಕೊಲಂಬಿಯಾ ದೇಶದ ವಿಜ್ಞಾನಿ ಹೋರ್ಹೆ ಬೋಶೆಲ್. 1969ರಲ್ಲಿ ಬರೆದ ಲೇಖನದಲ್ಲಿ ಅವರ ವಾದ ಇಷ್ಟು: ವೈರಸ್ ಮೊದಲಿನಿಂದಲೂ ಕಾಡಿನಲ್ಲಿ ಸಣ್ಣ ಪ್ರಾಣಿ ಮತ್ತು ಉಣ್ಣಿಗಳ ನಡುವೆ ಇದ್ದಿರಬೇಕು. ಕಾಡು ಕಡಿದು ಗದ್ದೆ ಮಾಡಿ, ಉಳಿದ ಕಾಡಿಗೆ ದನ ನುಗ್ಗಿಸಿದಾಗ ಉಣ್ಣಿ ವಿಪರೀತ ಹೆಚ್ಚಿತು, ಜನರೂ ಅದೇ ಜಾಗಕ್ಕೆ ಹೋದರು.

ಆಮೇಲೆ ಆದದ್ದನ್ನು ನೋಡಿ. ಬೆಳ್ತಂಗಡಿ ತಾಲೂಕಿನ ನಿಡ್ಲೆ ಸುತ್ತ ಗೇರು ತೋಟಕ್ಕಾಗಿ ಕಾಡು ಕಡಿದ ಮೇಲೆ, 1983ರಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಈ ಜ್ವರ ಬಂತು. 2020ರಲ್ಲಿ ಪ್ರಕಟವಾದ ಭಾರತ-ಬ್ರಿಟನ್ ವಿಜ್ಞಾನಿಗಳ ಅಧ್ಯಯನವೂ ಶಿವಮೊಗ್ಗ ಜಿಲ್ಲೆಯ ಪ್ರಕರಣಗಳನ್ನು ಪರಿಶೀಲಿಸಿ, ಹಸಿರು ಕಾಡು ಮತ್ತು ತೋಟ ಕಲೆತಿರುವ, ನಾಟಿ ದನ ಹೆಚ್ಚಿರುವ ಕಡೆ ಅಪಾಯ ಜಾಸ್ತಿ ಎಂದಿತು. ಅಂದರೆ ನಮ್ಮಂಥವರ ಊರು.

ಹಾಗಂತ ಇಲಿ ಪಾಷಾಣ ಹಿಡಿದು ಬೆಟ್ಟಕ್ಕೆ ಹೋಗಬೇಡಿ. ವಿಷ ತಿಂದ ಇಲಿಯನ್ನು ತಿಂದು ಗೂಬೆ, ಮುಂಗುಸಿಗಳೂ ಸಾಯುತ್ತವೆ. ಇಲಿಗೆ ಇರುವ ಪುಕ್ಕಟೆ ಕಾವಲು ಅವೇ. ಬದಲಿಸಬೇಕಾದ್ದು ನಮ್ಮ ಓಡಾಟ, ನಮ್ಮ ಕೆಲಸದ ರೀತಿ.

ನಮ್ಮಲ್ಲಿ ಬದಲಾದದ್ದು

* ದರಗು ಕಡಿಮೆ: ಅಡಿಕೆ ಸೋಗೆಯನ್ನು ಕತ್ತರಿಸಿ ತೋಟಕ್ಕೇ ಮುಚ್ಚಿಗೆ ಮಾಡುತ್ತೇವೆ. ಬೇಲಿ ಸಾಲಿಗೆ ಗ್ಲಿರಿಸಿಡಿಯಾ ಹಾಕಿದ್ದೇವೆ, ಸೊಪ್ಪು ಅಲ್ಲೇ ಸಿಗುತ್ತದೆ. ಬೇಸಿಗೆಯಲ್ಲಿ ಬೆಟ್ಟದ ದರಗನ್ನು ಕೊಟ್ಟಿಗೆಗೆ ಹಾಸುವುದು, ಅಂಗಳದಲ್ಲಿ ರಾಶಿ ಹಾಕುವುದು ಬಂದ್.
* ಬೆಟ್ಟಕ್ಕೆ ಹೋಗಲೇಬೇಕಾದರೆ: ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿ, ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟ್ ಹಾಕಿ. ನೆಲದಲ್ಲಿ ಕೂರಬೇಡಿ. ಬಂದ ಕೂಡಲೇ ಬಿಸಿನೀರು, ಸೋಪಿನ ಸ್ನಾನ. ಬಟ್ಟೆಯೂ ಬಿಸಿನೀರಿಗೆ.
* ಕೂಲಿಯವರಿಗೂ ಅದೇ: ಎಣ್ಣೆ ನಮಗೆ ಮಾತ್ರ ತಂದರೆ ಆಗಲ್ಲ. ಕೆಲಸ ಕೊಡುವವರೇ ಅವರಿಗೂ ತರಿಸಬೇಕು.
* ದನದ ಉಣ್ಣಿ: ಪಶುವೈದ್ಯರನ್ನು ಕೇಳಿಯೇ ಔಷಧ ಹಾಕಿ. ಕರೆಯುವ ಹಸುವಾದರೆ ಎಷ್ಟು ದಿನ ಹಾಲು ಬಳಸಬಾರದು ಅಂತಲೂ ಕೇಳಿ.
* ಸತ್ತ ಮಂಗ ಕಂಡರೆ: ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ. ಅದರ ಉಣ್ಣಿಗಳು ಅಲ್ಲೇ ಇರುತ್ತವೆ. ದೂರದಿಂದ ಫೋಟೊ ತೆಗೆದು, ಲೊಕೇಶನ್ ಸಮೇತ ಆಶಾ ಕಾರ್ಯಕರ್ತೆಗೋ ಅರಣ್ಯ ಸಿಬ್ಬಂದಿಗೋ ವಾಟ್ಸಾಪ್ ಮಾಡಿ.
* ಜ್ವರ ಬಂದರೆ: ನನ್ನ ಹಾಗೆ ಮಾತ್ರೆ ತಂದುಕೊಟ್ಟು ಸುಮ್ಮನಾಗಬೇಡಿ. ಇದಕ್ಕೆಂದೇ ಔಷಧವಿಲ್ಲ, ಬೇಗ ಆಸ್ಪತ್ರೆಗೆ ಸೇರಿ ಆರೈಕೆ ಪಡೆಯುವುದೇ ದಾರಿ. ಸೋಂಕು ತಗುಲಿದ 100 ಜನರಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ "ನಾನು ಕಾಡಿಗೆ ಹೋಗಿದ್ದೆ" ಅಂತ ಮೊದಲೇ ಹೇಳಿ.

ಆ ಅಕ್ಕ ಈಗಲೂ ನಮ್ಮಲ್ಲಿ ಕೆಲಸಕ್ಕೆ ಬರುತ್ತಾರೆ. ಬೆಟ್ಟಕ್ಕಲ್ಲ, ಸೋಗೆ ಕತ್ತರಿಸಲು. ಮೊನ್ನೆ ಕೊಟ್ಟಿಗೆ ಹತ್ತಿರ ಸುಂಡಿಲಿಯೊಂದು ಕಿಚಕಿಚ ಅನ್ನುತ್ತಾ ಓಡಿತು. "ನಿಮ್ಮ ಕಥೆಯ ನಾಯಕ ಹೋದ ನೋಡು ತಮ್ಮಾ" ಅಂತ ನಕ್ಕರು. ನಾನೂ ನಕ್ಕೆ. ಆಮೇಲೆ ಹೋಗಿ ಕೊಟ್ಟಿಗೆ ಮೂಲೆಯಲ್ಲಿ ಉಳಿದಿದ್ದ ಹಳೇ ದರಗನ್ನು, ಎಣ್ಣೆ ಹಚ್ಚಿಕೊಂಡು, ಗೊಬ್ಬರದ ಗುಂಡಿಗೆ ಸಾಗಿಸಿದೆ.