ಓಟ್ಸು, ಜೋಳ ಮತ್ತು ನಮ್ಮ ಹೊಟ್ಟೆ

ಪುಣೆಯಲ್ಲಿ ನೆಲೆಸಿದ ಕನ್ನಡಿಗರ ಅಡುಗೆಮನೆಗಳಿಗೆ ಇತ್ತೀಚೆಗೆ ಓಟ್ಸಿನ ಡಬ್ಬಿಯೊಂದು ಬಂದು ಸೇರಿದೆ. ಕಿರಿಯರು ಅದನ್ನು ಹಾಲಿನಲ್ಲಿ ಕುದಿಸಿ ತಿಂದು ಕಚೇರಿಗೆ ಹೊರಡುತ್ತಾರೆ. ಹಿರಿಯರು ಅದನ್ನು ಕುದುರೆಯ ಆಹಾರವೆಂದು ಮೂಗು ಮುರಿಯುತ್ತಾರೆ. ಹಿರಿಯರ ಮಾತು ಸುಳ್ಳಲ್ಲ. ನಮ್ಮ ದೇಶದಲ್ಲಿ ಓಟ್ಸನ್ನು ಬೆಳೆಯುವುದು ಹೆಚ್ಚಾಗಿ ಮೇವಿಗಾಗಿಯೇ. ಕಿರಿಯರ ನಂಬಿಕೆಯೂ ಸುಳ್ಳಲ್ಲ. ಆದುದರಿಂದ ಈ ಧಾನ್ಯದ ಗುಣವೇನೆಂಬುದನ್ನು ಸ್ವಲ್ಪ ವಿಚಾರಿಸೋಣ.

ನಾವು ತಿಂದುದೆಲ್ಲ ಜೀರ್ಣವಾಗುವುದಿಲ್ಲ. ಧಾನ್ಯ, ಬೇಳೆ, ಕಾಯಿಪಲ್ಯಗಳಲ್ಲಿರುವ ನಾರು ಸಣ್ಣಕರುಳಿನಲ್ಲಿ ಪಚನವಾಗದೆ ದೊಡ್ಡಕರುಳನ್ನು ಮುಟ್ಟುತ್ತದೆ. ಇದರಲ್ಲಿ ಎರಡು ಬಗೆ ಉಂಟು. ನೀರಿನಲ್ಲಿ ಕರಗದ ನಾರು ಮಲದ ಗಾತ್ರವನ್ನು ಹೆಚ್ಚಿಸಿ ಮುಂದೆ ಸಾಗಿಸುತ್ತದೆ. ಕರಗುವ ನಾರು ಲೋಳೆಯಂತಾಗಿ ಮಲವನ್ನು ಮೆದುಗೊಳಿಸುತ್ತದೆ. ದೊಡ್ಡಕರುಳಿನ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿ, ಕರುಳಿನ ಒಳಪದರಕ್ಕೆ ಪೋಷಣೆಯಾಗುವ ಆಮ್ಲಗಳನ್ನು ತಯಾರಿಸುತ್ತವೆ. ಓಟ್ಸಿನ ಹೆಗ್ಗಳಿಕೆ ಈ ಎರಡನೆಯ ಬಗೆಯಲ್ಲಿದೆ. ಬೆಂದ ಓಟ್ಸು ಅಂಟಂಟಾಗುವುದು ಅದರಲ್ಲಿರುವ ಬೀಟಾ-ಗ್ಲೂಕನ್ ಎಂಬ ನಾರಿನಿಂದ. ಇದು ರಕ್ತದ ಕೊಲೆಸ್ಟರಾಲನ್ನು ತಗ್ಗಿಸಲೂ ನೆರವಾಗುತ್ತದೆ. ದಿನಕ್ಕೆ 3 ಗ್ರಾಂ ಸೇವಿಸಿದರೆ ಹೃದಯಕ್ಕೆ ಹಿತವೆಂದು ಪೊಟ್ಟಣದ ಮೇಲೆ ಅಚ್ಚು ಹಾಕಲು ಅಮೆರಿಕದ ಸರಕಾರ 1997ರಲ್ಲಿಯೇ ಒಪ್ಪಿತು.

ಹಾಗಾದರೆ ನಮ್ಮ ಜೋಳ, ರಾಗಿಗಳು ಕೀಳೇ? ಖಂಡಿತ ಅಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದಂತೆ, 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ರಾಗಿಯಲ್ಲಿ 11 ಗ್ರಾಂ ನಾರಿದೆ. ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಓಟ್ಸಿನಲ್ಲಿಯೂ ಸುಮಾರು 10 ಗ್ರಾಮೇ! ಆದರೆ ಜೋಳ, ರಾಗಿಗಳ ನಾರು ಬಹುಪಾಲು ಕರಗದ ಬಗೆಯದು. ಆದುದರಿಂದ ಇವು ಒಂದಕ್ಕೊಂದು ವೈರಿಗಳಲ್ಲ, ಜೊತೆಗಾರರು. ನಿಜವಾದ ವೈರಿ ಯಾವುದೆಂದರೆ, ಊರು ಬಿಟ್ಟ ಮೇಲೆ ರೊಟ್ಟಿ-ಮುದ್ದೆಗಳ ಜಾಗವನ್ನು ಹಿಡಿದಿರುವ ಪಾವು, ಬಿಸ್ಕತ್ತು, ಮೈದಾ. ಪುಣೆಯಲ್ಲಿರುವ ನಮಗೆ ನೆಪ ಹೇಳಲು ಆಸ್ಪದವಿಲ್ಲ. ಸೊಲ್ಲಾಪುರದ ಕಡೆಯ ಮಾಲದಂಡಿ ಜೋಳ ಇಲ್ಲಿ ಸಿಗುತ್ತದೆ. ನಮ್ಮ ರಾಗಿಯೇ ಇಲ್ಲಿಯವರ ನಾಚಣಿ.

ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. 40 ಗ್ರಾಂ ಓಟ್ಸು ಕೊಡುವುದು ಸುಮಾರು 4 ಗ್ರಾಂ ಮಾತ್ರ. ಉಳಿದುದು ರೊಟ್ಟಿ, ಬೇಳೆ, ಸೊಪ್ಪು, ಹಣ್ಣುಗಳಿಂದಲೇ ಬರಬೇಕು. ಗೃಹಿಣಿಯರು ಓಟ್ಸಿನ ಉಪ್ಪಿಟ್ಟಿಗೆ ಬಟಾಣಿ, ಗಜ್ಜರಿ ಸೇರಿಸಬಹುದು; ಹುರಿದು ಪುಡಿಮಾಡಿ ದೋಸೆಹಿಟ್ಟಿಗೂ ಕಲಸಬಹುದು. ಮಸಾಲೆ ಬೆರೆಸಿದ ಪೊಟ್ಟಣಗಳಲ್ಲಿ ಉಪ್ಪು ಹೆಚ್ಚು. ಸಾದಾ ಓಟ್ಸೇ ಲೇಸು. ಒಮ್ಮೆಲೇ ಹೆಚ್ಚಾಗಿ ತಿಂದರೆ ಹೊಟ್ಟೆಯುಬ್ಬರ ಬರುತ್ತದೆ. ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು, ನೀರನ್ನು ಸಾಕಷ್ಟು ಕುಡಿಯಬೇಕು. ಗೋದಿ ಒಗ್ಗದ ಸೀಲಿಯಾಕ್ ರೋಗಿಗಳು ವೈದ್ಯರನ್ನು ಕೇಳದೆ ಓಟ್ಸನ್ನು ಮುಟ್ಟಬಾರದು.

ಕೊನೆಗೊಂದು ಮುಖ್ಯ ಮಾತು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಹೊಸದಾಗಿ ತಲೆದೋರಿ ವಾರಗಟ್ಟಲೆ ಬಿಡದ ಮಲಬದ್ಧತೆ ಇವುಗಳಿಗೆ ಓಟ್ಸೂ ಮದ್ದಲ್ಲ, ರೊಟ್ಟಿಯೂ ಮದ್ದಲ್ಲ. ಊರಿನಿಂದ ಮಕ್ಕಳ ಮನೆಗೆ ಬಂದ ಹಿರಿಯರು ಮರಾಠಿ ಬಾರದೆ, ಸಂಕೋಚವನ್ನೂ ಬಿಡಲಾರದೆ ಇಂಥ ತೊಂದರೆಯನ್ನು ಒಳಗೇ ನುಂಗಿಕೊಂಡಿರುವುದುಂಟು. ಅವರನ್ನು ನಾವೇ ಕೇಳೋಣ; ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಿ, ಅವರ ಕನ್ನಡವನ್ನು ವೈದ್ಯರಿಗೆ ತಿಳಿಯ ಹೇಳೋಣ.