ತರಗತಿಯ ಗುಂಪು ಕಲಿಕೆ ಹಾಗೂ ಸಾಮಾಜಿಕ ಅಂತರ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಬಿಸಿಯೂಟದ ವೇಳೆಗೆ ಸರ್ಕಾರಿ ಶಾಲೆಗೆ ಭೇಟಿ ನೀಡುವ ಗ್ರಾಮ ಪಂಚಾಯಿತಿ ಸದಸ್ಯರು ಸಾಮಾನ್ಯವಾಗಿ ಅಡುಗೆಯ ಗುಣಮಟ್ಟ, ಮೊಟ್ಟೆಯ ಲೆಕ್ಕ, ಕುಡಿಯುವ ನೀರಿನ ವ್ಯವಸ್ಥೆಗಳನ್ನು ಪರಿಶೀಲಿಸುತ್ತಾರೆ. ಯಾವ ಮಗು ಯಾರ ಪಕ್ಕದಲ್ಲಿ ಕುಳಿತಿದೆ ಎಂಬುದನ್ನು ಗಮನಿಸುವುದು ಅಪರೂಪ. ಊರಿನ ಮಕ್ಕಳು ಒಂದು ಸಾಲಿನಲ್ಲಿ, ಕಾಲೊನಿಯ ಮಕ್ಕಳು ಇನ್ನೊಂದು ಸಾಲಿನಲ್ಲಿ ಕುಳಿತಿದ್ದರೆ, ‘ಮಕ್ಕಳೇ ತಮಗೆ ಬೇಕಾದವರ ಜೊತೆ ಕುಳಿತಿದ್ದಾರೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಎಷ್ಟೋ ಬಾರಿ ಅದು ನಿಜವೂ ಹೌದು. ಯಾರೂ ಬಲವಂತ ಮಾಡದಿದ್ದರೂ ಬೀದಿಗಳ ನಡುವಿನ ಅಂತರವು ಶಾಲೆಯ ಜಗಲಿಯ ಮೇಲೆ ಹಾಗೆಯೇ ಮೂಡುತ್ತದೆ.

ಇದು ಶಿಕ್ಷಕರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ 9ನೇ ಪ್ರಕರಣವು, ದುರ್ಬಲ ವರ್ಗದ ಹಾಗೂ ಅವಕಾಶವಂಚಿತ ಗುಂಪಿನ ಮಗುವಿಗೆ ಶಾಲೆಯಲ್ಲಿ ತಾರತಮ್ಯವಾಗದಂತೆ ನೋಡಿಕೊಳ್ಳುವ ಕರ್ತವ್ಯವನ್ನು ಸ್ಥಳೀಯ ಪ್ರಾಧಿಕಾರಕ್ಕೆ ವಹಿಸಿದೆ. ಪಂಚಾಯಿತಿಯೂ ಆ ವ್ಯಾಖ್ಯೆಯಲ್ಲಿ ಸೇರಿದೆ.

ಮಕ್ಕಳನ್ನು ಬೆರೆಸಿ ಕೂರಿಸಿದರೆ ಸಾಕಲ್ಲವೆ ಎಂಬ ಪ್ರಶ್ನೆ ಸಹಜ. ಸಾಲದು ಎಂಬುದನ್ನು ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ಅನುಭವ ತೋರಿಸಿಕೊಟ್ಟಿತು. ಅಲ್ಲಿ ಬಿಳಿಯ, ಕಪ್ಪು ಹಾಗೂ ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ತರಗತಿಗೆ ಸೇರಿಸಿದಾಗ ಜಗಳ, ಹೊಡೆದಾಟಗಳು ಹೆಚ್ಚಿದವು. 1971ರಲ್ಲಿ ಶಾಲೆಗಳಿಗೆ ನೆರವಾಗಲು ಬಂದ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ ಮತ್ತು ಅವರ ವಿದ್ಯಾರ್ಥಿಗಳು ಗಮನಿಸಿದ್ದು ತರಗತಿಯೊಳಗಿನ ಪೈಪೋಟಿಯನ್ನು. ಶಿಕ್ಷಕರು ಪ್ರಶ್ನೆ ಕೇಳಿದೊಡನೆ ಕೆಲವರೇ ಕೈ ಎತ್ತುತ್ತಿದ್ದರು. ಒಬ್ಬನ ಸೋಲು ಇನ್ನೊಬ್ಬನಿಗೆ ಅವಕಾಶವಾಗುತ್ತಿತ್ತು. ಅವರು ಪಾಠವನ್ನೇ ತುಣುಕುಗಳಾಗಿ ಒಡೆದು, ಗುಂಪಿನ ಪ್ರತಿ ಮಗುವಿಗೂ ಒಂದೊಂದು ತುಣುಕನ್ನು ನೀಡಿದರು. ಚಿತ್ರದ ತುಣುಕುಗಳನ್ನು ಜೋಡಿಸುವ ಆಟದ ಹೆಸರನ್ನೇ ಇಟ್ಟು ಇದನ್ನು ‘ಜಿಗ್‌ಸಾ’ ವಿಧಾನ ಎಂದು ಕರೆಯಲಾಯಿತು.

ನಮ್ಮ ಶಾಲೆಗಳಲ್ಲಿ ಇದನ್ನು ನಡೆಸಲು ಹೊಸ ಪುಸ್ತಕ ಬೇಕಿಲ್ಲ. ಆರನೇ ತರಗತಿಯಲ್ಲಿ ‘ನಮ್ಮೂರಿನ ಕುಡಿಯುವ ನೀರು’ ಎಂಬ ವಿಷಯವಿದೆ ಎಂದುಕೊಳ್ಳೋಣ. ಇಪ್ಪತ್ತೈದು ಮಕ್ಕಳಿದ್ದರೆ ಐದು ಗುಂಪು. ಪ್ರತಿ ಗುಂಪಿನಲ್ಲಿ ಒಬ್ಬರು ಕೊಳವೆಬಾವಿಯ ಬಗ್ಗೆ, ಒಬ್ಬರು ಪಂಪು ಮತ್ತು ಮೇಲ್ಮಟ್ಟದ ಜಲಸಂಗ್ರಹಗಾರದ ಬಗ್ಗೆ, ಒಬ್ಬರು ಕ್ಲೋರಿನ್ ಹಾಕುವ ಬಗ್ಗೆ, ಒಬ್ಬರು ಪೈಪು ಮತ್ತು ವಾಲ್ವುಗಳ ಬಗ್ಗೆ, ಒಬ್ಬರು ಬಚ್ಚಲು ನೀರಿನ ಬಗ್ಗೆ ತಿಳಿಯಬೇಕು. ಮೊದಲಿಗೆ ಒಂದೇ ತುಣುಕು ದೊರೆತ ಮಕ್ಕಳೆಲ್ಲ ಒಟ್ಟಾಗಿ ಕುಳಿತು ಅದನ್ನು ಕಲಿಯುತ್ತಾರೆ. ಬಳಿಕ ಪ್ರತಿಯೊಬ್ಬರೂ ತಮ್ಮ ಗುಂಪಿಗೆ ಮರಳಿ ಉಳಿದ ನಾಲ್ವರಿಗೆ ಕಲಿಸುತ್ತಾರೆ. ಕೊನೆಯಲ್ಲಿ ಇಡೀ ಪಾಠದ ಮೇಲೆ ಪ್ರತಿ ಮಗುವಿಗೂ ಪ್ರತ್ಯೇಕ ಕಿರುಪರೀಕ್ಷೆ. ವಾಲ್ವಿನ ವಿಷಯ ತಿಳಿದ ಹುಡುಗಿ ಯಾವ ಬೀದಿಯವಳಾದರೂ ಸರಿ, ಅವಳ ಮಾತನ್ನು ಕೇಳಿಸಿಕೊಳ್ಳದವನಿಗೆ ಅಷ್ಟು ಅಂಕ ನಷ್ಟ. ಅವಳು ತಡವರಿಸಿದರೆ ನಗುವುದಕ್ಕಿಂತ ತಾಳ್ಮೆಯಿಂದ ಪ್ರಶ್ನೆ ಕೇಳಿ ವಿಷಯ ಹೊರತರುವುದೇ ಲಾಭ. ಆಸ್ಟಿನ್‌ನಲ್ಲಿ ಕೆಲವೇ ವಾರಗಳಲ್ಲಿ ಕಂಡ ಬದಲಾವಣೆ ಇದೇ.

ಗುಂಪುಗಳನ್ನು ಯಾರು ಆರಿಸಬೇಕು? ಮಕ್ಕಳಿಗೇ ಬಿಟ್ಟರೆ ಹಳೆಯ ಸಾಲುಗಳೇ ಮರಳಿ ಬರುತ್ತವೆ. ದೆಹಲಿಯ ಅನುಭವ ಇಲ್ಲಿ ಉಪಯುಕ್ತ. 2007ರಲ್ಲಿ ಅಲ್ಲಿನ ಹಲವು ಪ್ರತಿಷ್ಠಿತ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಉಚಿತ ಪ್ರವೇಶ ನೀಡಬೇಕಾಯಿತು. ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅದರ ಪರಿಣಾಮವನ್ನು ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. ಕೆಲವು ಶಾಲೆಗಳಲ್ಲಿ ಅಧ್ಯಯನ ಗುಂಪುಗಳನ್ನು ಹೆಸರಿನ ಅಕ್ಷರಕ್ರಮದಂತೆ ರಚಿಸಲಾಗುತ್ತಿದ್ದುದರಿಂದ, ಒಟ್ಟಿಗೆ ಕೆಲಸ ಮಾಡುವುದರ ಪರಿಣಾಮವನ್ನು ಬೇರೆಯಾಗಿ ಅಳೆಯಲು ಸಾಧ್ಯವಾಯಿತು. ಬಡ ಸಹಪಾಠಿಗಳಿದ್ದ ಶ್ರೀಮಂತ ಮಕ್ಕಳು ಹೆಚ್ಚು ಉದಾರಿಗಳಾಗಿದ್ದರು. ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸುವಾಗ ಅವರ ತಾರತಮ್ಯ ಕಡಿಮೆಯಿತ್ತು. ಅವರ ಹಿಂದಿ ಮತ್ತು ಗಣಿತದ ಅಂಕಗಳು ಕುಸಿಯಲಿಲ್ಲ. ಇಂಗ್ಲಿಷಿನಲ್ಲಿ ಅಲ್ಪ ಇಳಿಕೆ ಕಂಡಿತು. ‘ನಮ್ಮ ಮಗುವಿನ ಓದು ಹಾಳಾಗುತ್ತದೆ’ ಎನ್ನುವ ಪೋಷಕರಿಗೆ ಈ ಫಲಿತಾಂಶವನ್ನು ಇಳಿಕೆಯೂ ಸೇರಿದಂತೆ ಹೇಳುವುದೇ ಒಳಿತು.

ರಾಜ್ಯದ ನಲಿ-ಕಲಿ ತರಗತಿಗಳಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಈಗಾಗಲೇ ಗುಂಪುಗಳಲ್ಲಿ ಕಲಿಯುತ್ತಾರೆ. ಆದರೆ ಅವು ಕಲಿಕಾ ಮಟ್ಟವನ್ನು ಆಧರಿಸಿದವು. ಹಾಜರಾತಿ ಕಡಿಮೆ ಇರುವ ಮಕ್ಕಳು, ಅಂದರೆ ಹೆಚ್ಚಾಗಿ ವಲಸೆ ಹೋಗುವ ಕೂಲಿ ಕುಟುಂಬದ ಮಕ್ಕಳು, ಒಂದೇ ತಟ್ಟೆಯಲ್ಲಿ ಉಳಿದುಬಿಡುವ ಅಪಾಯವಿದೆ. ನಾಲ್ಕನೇ ತರಗತಿಯಿಂದ ಗುಂಪು ರಚನೆಯನ್ನು ಅಕ್ಷರಕ್ರಮ ಅಥವಾ ಚೀಟಿಯ ಮೂಲಕ ಬದಲಿಸುವುದು ಇದಕ್ಕಾಗಿಯೇ.

ಒಳ್ಳೆಯ ಉದ್ದೇಶದ ಚಟುವಟಿಕೆಯೂ ಮಗುವನ್ನು ನೋಯಿಸಬಲ್ಲದು. ‘ನಿಮ್ಮ ಮನೆಯಲ್ಲಿ ಏನು ಅಡುಗೆ, ತಂದೆಯ ಕಸುಬೇನು, ಮನೆದೇವರು ಯಾವುದು’ ಎಂದು ಎಲ್ಲರೆದುರು ಹೇಳಿಸುವುದು ಪರಿಚಯದ ಆಟವೆನಿಸಿದರೂ ಅದು ಜಾತಿಯನ್ನು ಬಾಯಿಬಿಡಿಸುವ ಪ್ರಶ್ನೆ. ಅದರ ಬದಲು ಎಲ್ಲರಿಗೂ ಸಮಾನವಾದ ಊರಿನ ಕೆರೆ, ಬಸ್ಸು, ಮಳೆಯ ಲೆಕ್ಕಗಳನ್ನು ವಿಷಯವಾಗಿಸಬಹುದು. ತರಗತಿಯ ಕಸ ಗುಡಿಸುವ ಸರದಿಯೂ ಕ್ರಮಸಂಖ್ಯೆಯಂತೆ ಎಲ್ಲ ಮಕ್ಕಳಿಗೂ, ಗಂಡುಮಕ್ಕಳಿಗೂ ಬರಬೇಕು. ಶೌಚಾಲಯದ ಸ್ವಚ್ಛತೆ ಯಾವ ಮಗುವಿನ ಕೆಲಸವೂ ಅಲ್ಲ.

ಗುಂಪುಗಳ ನಡುವಿನ ಪೂರ್ವಗ್ರಹ ಕಡಿಮೆಯಾಗಲು ಬೇಕಾದ ಸ್ಥಿತಿಗಳನ್ನು ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಗುರುತಿಸಿದ್ದರು: ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ, ಅಧಿಕಾರದಲ್ಲಿರುವವರ ಬೆಂಬಲ. ಮೊದಲ ಮೂರನ್ನು ಶಿಕ್ಷಕರು ತರಗತಿಯಲ್ಲಿ ಏರ್ಪಡಿಸಬಲ್ಲರು. ನಾಲ್ಕನೆಯದು ಅವರ ಕೈಯಲ್ಲಿಲ್ಲ. ಮಗನನ್ನು ‘ಅವರ’ ಜೊತೆ ಕೂರಿಸಿದ್ದಾರೆಂದು ಪೋಷಕರೊಬ್ಬರು ಸಂಜೆ ಸದಸ್ಯರ ಮನೆಗೇ ದೂರು ತಂದಾಗ, ಸದಸ್ಯರು ‘ಮೇಷ್ಟ್ರಿಗೆ ಹೇಳಿ ಬದಲಾಯಿಸೋಣ’ ಎಂದರೆ ಆ ತರಗತಿಯ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಓಟಿನ ಲೆಕ್ಕವಿರುವ ಮನೆಯಿಂದ ಬಂದ ದೂರಾದರೆ ಉತ್ತರ ಇನ್ನೂ ಕಷ್ಟ. ಆದರೂ ಸಂವಿಧಾನದ 17ನೇ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ. ಇಂಥ ಬೇಡಿಕೆಯನ್ನು ಶಿಕ್ಷಕರಿಗೆ ದಾಟಿಸುವ ಅಧಿಕಾರ ಯಾವ ಸದಸ್ಯರಿಗೂ ಇಲ್ಲ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಶಿಕ್ಷಕರು ಗುಂಪು ರಚನೆಯ ಕ್ರಮವನ್ನು ಮೊದಲೇ ತಿಳಿಸಿ, ಸದಸ್ಯರು ಅಲ್ಲಿಯೇ ಒಪ್ಪಿಗೆ ಸೂಚಿಸಿದರೆ ಇಂಥ ದೂರುಗಳು ಬಹುಪಾಲು ಕಡಿಮೆಯಾದಾವು. ಮಕ್ಕಳ ಗ್ರಾಮ ಸಭೆಯಲ್ಲಿಯೂ ವರದಿಯನ್ನು ತರಗತಿಯ ಜಾಣ ವಿದ್ಯಾರ್ಥಿಯೊಬ್ಬನಿಂದ ಓದಿಸುವ ಬದಲು ಐವರ ಗುಂಪಿಗೆ ಹಂಚಬಹುದು. ನೀರಿನ ಪಾಠ ಮುಗಿಸಿದ ಗುಂಪು ಯಾವ ಬೀದಿಯ ನಲ್ಲಿಗೆ ಎಷ್ಟು ಹೊತ್ತು ನೀರು ಬರುತ್ತದೆಂದು ಅಳೆದು ತಂದರೆ, ಅದಕ್ಕೆ ಸಭೆಯಲ್ಲಿ ಉತ್ತರ ನೀಡಲು ಪಂಚಾಯಿತಿಯೂ ಸಿದ್ಧವಾಗಿ ಹೋಗಬೇಕಾಗುತ್ತದೆ.